ಪಾದ್ರಿ ಗುಡಿಯ ಗಂಟೆ

ನಾನು ಚಿಕ್ಕವಳಿದ್ದಾಗ ಬೀದರಿನ ಆ ಚರ್ಚಿಗೆ ಯಾರೂ ಚರ್ಚು ಅನ್ನುತ್ತಿರಲಿಲ್ಲ, ಪಾದ್ರಿ ಗುಡಿ ಅನ್ನುತ್ತಿದ್ದರು. ಊರ ಅಂಚಿನಲ್ಲಿ, ಕೆಂಪು ಕಲ್ಲಿನಲ್ಲಿ ಕಟ್ಟಿದ ಸಣ್ಣ ಗುಡಿ. ಅದರೊಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಪೊಲೀಸ್ ಆ್ಯಕ್ಷನ್ ಮುಗಿದ ಹೊಸದರಲ್ಲಿ. ನೀವು ಹೋಗುವ ಹಾಗೆ ನೋಡಿ ಬರಲು ಹೋದದ್ದಲ್ಲ ಮಕ್ಕಳೇ, ಒಬ್ಬ ಮನುಷ್ಯನನ್ನು ಬಚ್ಚಿಡಲು ಹೋದದ್ದು.

ಆಗ ನಮ್ಮ ಸೀಮೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ನಮಗೆ ಬಂದಿರಲಿಲ್ಲ. ರಜಾಕಾರರು ಎಂಬ ದಂಡಿನವರು ಹಳ್ಳಿಗಳಿಗೆ ನುಗ್ಗಿ ಮನೆ ಸುಡುತ್ತಿದ್ದರು, ಜನರನ್ನು ಕೊಲ್ಲುತ್ತಿದ್ದರು. ಔರಾದ, ಭಾಲ್ಕಿ ಕಡೆಯಿಂದ ಗಂಟು ಹೊತ್ತು ಓಡಿ ಬಂದವರು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಮಲಗಿರುತ್ತಿದ್ದರು. ಕೊನೆಗೆ ಭಾರತದ ಸೈನ್ಯ ಬಂತು, ಪೊಲೀಸ್ ಆ್ಯಕ್ಷನ್ ಅಂದರೆ ಅದೇ, ರಜಾಕಾರರು ಓಡಿಹೋದರು. ಇನ್ನು ಹೆದರಿಕೆ ಇಲ್ಲ ಎಂದು ನಾನೂ ಅಕ್ಕನೂ ಅಂಗಳದಲ್ಲಿ ಕುಣಿದೆವು. ಆದರೆ ಅಪ್ಪ ಬಾಗಿಲಿನ ಅಗುಳಿ ತೆಗೆಯಲಿಲ್ಲ. ಈ ಸಲ ಬಡಿಗೆ ಹಿಡಿದು ಓಣಿ ಓಣಿ ತಿರುಗುತ್ತಿದ್ದವರು ನಮ್ಮವರೇ. ರಜಾಕಾರ ಸಿಗದಿದ್ದರೆ ಯಾವ ಮುಸಲ್ಮಾನನಾದರೂ ಸರಿ ಅನ್ನುವಷ್ಟು ಅವರ ತಲೆ ಕೆಟ್ಟಿತ್ತು.

ನಮ್ಮ ಮನೆಯ ಹಿಂದೆ ಟಾಂಗಾ ಓಡಿಸುವ ಚಾಚಾ ಇದ್ದ. ರಜಾಕಾರರ ಕಾಲದಲ್ಲಿ ಅವ್ವನನ್ನೂ ಅಕ್ಕನನ್ನೂ ತನ್ನ ಟಾಂಗಾದೊಳಗೆ ಕೂರಿಸಿ, ಸುತ್ತ ಪರದೆ ಬಿಟ್ಟು, ತನ್ನ ಮನೆಯ ಬೇಗಮರು ಎಂದು ಸುಳ್ಳು ಹೇಳಿ ಭಾಲ್ಕಿಯ ಬೀಗರ ಮನೆಯಿಂದ ನಮ್ಮ ಮನೆಗೆ ಮುಟ್ಟಿಸಿದ್ದವನು. ಅವನ ಹೆಂಡತಿ ಮಕ್ಕಳು ಹೈದರಾಬಾದಿಗೆ ಹೋಗಿದ್ದರು. ಕುದುರೆಯನ್ನು ಬಿಟ್ಟು ಹೋಗಲಾರೆ ಎಂದು ಈ ಪುಣ್ಯಾತ್ಮ ಒಬ್ಬನೇ ಉಳಿದಿದ್ದ. ಆ ದಿನ ಬೆಳಕು ಹರಿಯುವಾಗ ಹಿತ್ತಲ ಗೋಡೆ ಹಾರಿ ಬಂದು ನಮ್ಮ ಬಚ್ಚಲ ಮನೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಿದ್ದ.

ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ, ನಮಗೂ ಚಾಚಾನಿಗೂ ಇದ್ದ ಬಳಕೆ ಓಣಿಗೆಲ್ಲ ಗೊತ್ತಿತ್ತು. ಪಾದ್ರಿ ಗುಡಿಗೆ ಮುಟ್ಟಿಸಿದರೆ ಬದುಕಿಯಾನು ಎಂದು ಅಪ್ಪ ಅಂದ. ಅಪ್ಪನೇ ಕೂತು ಚಾಚಾನ ಗಡ್ಡ ಬೋಳಿಸಿದ. ತನ್ನ ಧೋತರ ಉಡಿಸಿ, ರುಮಾಲು ಸುತ್ತಿದ. ಆಯಿ, ಅಂದರೆ ನನ್ನ ಅಜ್ಜಿ, ತಾನು ದಿನಾ ಲಿಂಗಪೂಜೆಗೆ ಕೂರುವಾಗ ಹಚ್ಚಿಕೊಳ್ಳುವ ವಿಭೂತಿಯನ್ನು ಅವನ ಹಣೆಗೆ ಹಚ್ಚಿದಳು.

"ಅಮ್ಮಾ, ಹಿಂಗ ಹೋದ್ರ ಅಲ್ಲಾಹ್ ನನ್ನ ಗುರುತು ಹಿಡೀತಾನೇನ್ರಿ?" ಅಂದ ಚಾಚಾ.

"ಅಂವ ಹಿಡೀತಾನ. ಹಿಡೀಬಾರದ್ದು ಮನಷ್ಯಾರು. ಏಳಿನ್ನ," ಅಂದಳು ಆಯಿ.

ಹೆಂಗಸರು ಮಕ್ಕಳು ಜೊತೆಗಿದ್ದರೆ ಯಾರೂ ತಡೆಯುವುದಿಲ್ಲ ಎಂದು ಅಪ್ಪ, ಚಾಚಾನ ಜೊತೆ ಆಯಿ, ಅಕ್ಕ, ನಾನೂ ಹೊರಟೆವು. ಮಳೆ ನಿಂತಿತ್ತು, ಮೋಡ ಹಾಗೇ ಇತ್ತು. ದಾರಿಯುದ್ದಕ್ಕೂ ಅಂಗಡಿಗಳು ಮುಚ್ಚಿದ್ದವು. ಎಲ್ಲಿಂದಲೋ ಸುಟ್ಟ ಜೋಳದ ವಾಸನೆ ಬರುತ್ತಿತ್ತು, ಆದರೆ ಅದು ಎಳೆ ತೆನೆ ಸುಡುವ ಸೀತನಿಯ ವಾಸನೆ ಅಲ್ಲ, ಯಾರದೋ ಕಾಳು ತುಂಬಿಟ್ಟ ಹಗೇವು ಉರಿದದ್ದು. ಒಂದು ನಾಯಿಯೂ ಬೊಗಳಲಿಲ್ಲ. ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆಗಳು ಒತ್ತಿ ಕೈ ನೋಯುತ್ತಿತ್ತು.

ಪಾದ್ರಿ ಬಾಗಿಲು ತೆರೆದ. ಬಿಳಿ ನಿಲುವಂಗಿಯ ಮುದುಕ, ಹೆಚ್ಚು ಮಾತಿಲ್ಲ. ಅಪ್ಪ ಹೇಳಿದ್ದನ್ನು ಕೇಳಿ ಚಾಚಾನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದ. ಗೋಡೆಯ ಪಕ್ಕ ಪರದೆ ಕಟ್ಟಿದ ಮರದ ಗೂಡೊಂದಿತ್ತು. ಅವರ ಜನ ತಮ್ಮ ತಪ್ಪು ಹೇಳಿಕೊಳ್ಳಲು ಅಲ್ಲಿ ಮಂಡಿಯೂರುತ್ತಾರಂತೆ. ಅದರೊಳಗೆ ಚಾಚಾನನ್ನು ಕೂರಿಸಿ ಪರದೆ ಎಳೆದ. ಅಪ್ಪ ಊರಿನ ಸುದ್ದಿ ತಿಳಿದು ಬರಲು ಹೊರಗೆ ಹೋದ.

ನಾನು ಮಾತ್ರ ಬಾಯಿ ತೆರೆದು ನಿಂತಿದ್ದೆ. ಅಷ್ಟು ಎತ್ತರದ ಸೂರನ್ನು ನಾನು ಕಂಡಿರಲಿಲ್ಲ. ಕಮಾನುಗಳು ನಮ್ಮೂರ ಹಳೆಯ ಮದರಸಾದವುಗಳಂತೆ ತುದಿ ಚೂಪಾಗಿದ್ದವು, ಅದೇ ಗೌಂಡಿಗಳ ಮೊಮ್ಮಕ್ಕಳು ಕಟ್ಟಿರಬೇಕು ಅಂದಳು ಅಕ್ಕ. ಸುಣ್ಣದ ತಂಪು, ಮೇಣದ ವಾಸನೆ. ಕಿಟಕಿಗೆ ಕೆಂಪು, ನೀಲಿ, ಹಳದಿ ಗಾಜು. ಮೋಡ ಸರಿದಾಗ ಆ ಬಣ್ಣ ನೆಲದ ಮೇಲೆ ಬಿದ್ದಿತು. ಕೆಂಪು ಬಿದ್ದಲ್ಲಿ ನಾನು ಕಾಲಿಡಲಿಲ್ಲ. ಗೋಡೆಯ ಮೇಲೆ ಸಾಲಾಗಿ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಚಿತ್ರಗಳಿದ್ದವು. ಒಬ್ಬ ಮನುಷ್ಯನನ್ನು ಸಿಪಾಯಿಗಳು ಎಳೆದುಕೊಂಡು ಹೋಗುತ್ತಾರೆ, ಜನ ನೋಡುತ್ತಾ ನಿಂತಿದ್ದಾರೆ. ಮುಂದಿನದರಲ್ಲಿ ಅವನು ಬೀಳುತ್ತಾನೆ. ಇನ್ನೂ ಮುಂದಿನದರಲ್ಲಿ ಮತ್ತೆ ಬೀಳುತ್ತಾನೆ. ಅವನು ಏನು ಮಾಡಿದ್ದ ಎಂದು ಅಕ್ಕನನ್ನು ಕೇಳಿದೆ. ಅವಳಿಗೂ ತಿಳಿಯದು.

ಅಷ್ಟರಲ್ಲಿ ಢಣ್ ಎಂದು ಸದ್ದಾಯಿತು. ಇಡೀ ಗುಡಿ ನಡುಗಿತು.

ಬಾಗಿಲ ಬಳಿ ಹಗ್ಗವೊಂದು ಮೇಲಿನಿಂದ ಇಳಿಬಿದ್ದಿತ್ತು. ಗುಡಿಯೊಳಗೆ ಬಂದವರು ಗಂಟೆ ಬಾರಿಸದೆ ದೇವರ ಮುಂದೆ ನಿಲ್ಲಬಾರದು ಎಂಬುದು ಆಯಿಯ ರೂಢಿ. ಅಷ್ಟು ಗಾಬರಿಯಲ್ಲೂ ಅವಳ ಕೈ ತಾನಾಗಿ ಹಗ್ಗಕ್ಕೆ ಹೋಗಿತ್ತು. ನಮ್ಮ ಗುಡಿಯ ಗಂಟೆ ಕಿಣ್ ಅಂದು ಸುಮ್ಮನಾಗುತ್ತದೆ. ಇದು ಊರಿಗೆಲ್ಲ ಕೇಳುವ ಗಂಟೆ. ಪಾದ್ರಿ ಓಡಿ ಬಂದು ಹಗ್ಗವನ್ನು ತಬ್ಬಿ ಹಿಡಿದರೂ ಅದು ಇನ್ನೂ ಎರಡು ಮೂರು ಸಲ ಬಡಿಯಿತು. "ಕೆಡಸಿದೆನಲ್ಲೋ ಬಸವಣ್ಣಾ," ಅಂದಳು ಆಯಿ.

ಬಹಳ ಹೊತ್ತಾಗಲಿಲ್ಲ, ಹೊರಗೆ ಹೆಜ್ಜೆಗಳ ಸದ್ದು ಕೇಳಿಸಿತು. ಬಾಗಿಲು ತಳ್ಳಿಕೊಂಡು ಬಂದವರಲ್ಲಿ ಮುಂದಿದ್ದವನು ನಮ್ಮ ಓಣಿಯ ಅಣ್ಣ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಟೆ ತೋರಿಸಿದ್ದವನು. ಅವನ ಸ್ವಂತ ಅಣ್ಣನನ್ನು ರಜಾಕಾರರು ಕೊಂದಿದ್ದರು. ಅವನ ಕಣ್ಣು ನೋಡಿ ನಾನು ಅಕ್ಕನ ಹಿಂದೆ ಸರಿದೆ.

"ಗಂಟಿ ಯಾಕ ಬಾರ್‍ಸಿದ್ರಿ ಆಯಿ? ಯಾರ್ ಅದಾರ ಒಳಗ?"

"ನಾನದೇನಿ, ದೇವರದಾನ. ಕಾಲಾಗಿನ ಚಪ್ಪಲಿ, ಕೈಯಾಗಿನ ಬಡಿಗಿ ಹೊರಗಿಟ್ಟು ಬಾ."

ಚಿಕ್ಕಂದಿನಿಂದ ಆಯಿಯ ಮಾತು ಕೇಳಿದವನು, ಚಪ್ಪಲಿ ಬಿಟ್ಟ, ಬಡಿಗೆಯನ್ನು ಗೋಡೆಗೆ ಆನಿಸಿದ. ಉಳಿದವರು ಬಾಗಿಲಲ್ಲೇ ನಿಂತರು.

ಆಯಿ ಅವನ ಮುಂಗೈ ಹಿಡಿದು ಚಿತ್ರಗಳ ಮುಂದೆ ನಡೆಸಿದಳು. ಅವಳಿಗೆ ಆ ಕತೆ ಗೊತ್ತಿರಲಿಲ್ಲ. ಕಂಡದ್ದನ್ನು ಹೇಳುತ್ತಾ ಹೋದಳು. ನೋಡು, ಹಿಡಿದಾರ. ನೋಡು, ಹೊಡೀಲಿಕ್ಕತ್ತಾರ. ಇವರೆಲ್ಲ ಸುಮ್ಮನೆ ನಿಂತಾರ. ಒಂದೊಂದೇ ಚಿತ್ರ ದಾಟಿ ಅವರು ಪರದೆಯ ಗೂಡಿನ ಹತ್ತಿರ ಬಂದರು. ಪರದೆಯ ಕೆಳಗೆ ಚಾಚಾನ ಕಾಲ್ಬೆರಳು ಕಾಣುತ್ತಿತ್ತು.

ಅಲ್ಲಿದ್ದ ಚಿತ್ರದಲ್ಲಿ ಒಬ್ಬ ತಾಯಿ ಸತ್ತ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಮಗನ ಒಂದು ಕೈ ನೆಲಕ್ಕೆ ಜೋತು ಬಿದ್ದಿತ್ತು. ಯಾರು ಕೆತ್ತಿದ್ದರೋ, ಆ ತಾಯಿ ಅಳುತ್ತಿರಲಿಲ್ಲ. ಅಳು ಮುಗಿದ ಮೇಲಿನ ಮುಖ ಅದು.

"ನಿಮ್ಮವ್ವ ಹಿಂಗೇ ಕುಂತಿದ್ದಳಲ್ಲೋ ತಮ್ಮ," ಅಂದಳು ಆಯಿ. "ಆಕಿ ಬಾಜೂಕ ಇನ್ನೊಬ್ಬಾಕಿನ್ನ ಕುಂದರಸ್ತೀಯೇನು?"

ಅವನು ಜೋತು ಬಿದ್ದ ಆ ಮರದ ಕೈಯನ್ನು ಒಂದು ಬೆರಳಿನಿಂದ ಮುಟ್ಟಿದ. ಆಮೇಲೆ ಬಾಗಿಲಿಗೆ ಹೋಗಿ ತನ್ನವರಿಗೆ, ಯಾರೂ ಇಲ್ಲ, ನಡೀರಿ ಅಂದ. ಅವರು ಅಂಗಳಕ್ಕಿಳಿದ ಮೇಲೆ ಆಯಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಸಂಜಿಗಿ ಬ್ಯಾರೆ ಮಂದಿ ಬರ್ತಾರ ಆಯಿ. ಅವರು ಚಿತ್ರ ನೋಡೂದಿಲ್ಲ. ಅಷ್ಟರಾಗ ಆ ಗೂಡು ಖಾಲಿ ಮಾಡ್ರಿ."

ಅಪ್ಪನೂ ಪಾದ್ರಿಯೂ ಮಧ್ಯಾಹ್ನವೇ ಚಾಚಾನನ್ನು ಬಂಡಿಯಲ್ಲಿ ಮಲಗಿಸಿ, ಮೇಲೆ ಕಣಕಿ, ಅಂದರೆ ಒಣ ಜೋಳದ ದಂಟು, ಹೊದಿಸಿ, ಸೈನ್ಯದ ಡೇರೆಗೆ ಮುಟ್ಟಿಸಿದರು. ಸಂಜೆ ಹೇಳಿದ ಹಾಗೇ ಮಂದಿ ಬಂದರಂತೆ. ಗೂಡು ಖಾಲಿ ಕಂಡು ಸಿಟ್ಟಿಗೆ ಬಣ್ಣದ ಗಾಜು ಪುಡಿ ಮಾಡಿದರಂತೆ. ಚಾಚಾ ಹೈದರಾಬಾದ್ ಸೇರಿದ, ಬದುಕಿದ. ಆದರೆ ಆ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ಎಷ್ಟೋ ಜನ ಚಾಚಾಗಳಿದ್ದರು. ಎಲ್ಲರಿಗೂ ಒಬ್ಬ ಆಯಿ ಸಿಗಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ, ಸಿಟ್ಟೂ ಬರುತ್ತದೆ.

ಮೊನ್ನೆ ನೀವು ನನ್ನನ್ನು ಗೋವೆಯ ದೊಡ್ಡ ಚರ್ಚಿಗೆ ಕರೆದುಕೊಂಡು ಹೋದಿರಿ. ಕತ್ತೆತ್ತಿ ಕಮಾನು ನೋಡಿದಿರಿ, ಕಿಟಕಿಯ ಬಣ್ಣ ಮುಖದ ಮೇಲೆ ಬೀಳುವ ಹಾಗೆ ನಿಂತು ಫೋಟೋ ತೆಗೆಸಿಕೊಂಡಿರಿ. ನೋಡಿ ನನ್ನ ಹೊಟ್ಟೆ ತಂಪಾಯಿತು. ಅಜ್ಜಿ ಯಾಕೆ ಮೂಲೆ ಮೂಲೆ ಸುತ್ತುತ್ತಾಳೆ ಎಂದು ನಕ್ಕಿರಿ. ನಗಿ, ನಿಮ್ಮ ಕಾಲ ನಗುವ ಕಾಲವೇ ಆಗಿರಲಿ. ನಾನು ಮಾತ್ರ ಯಾವ ಚರ್ಚು, ಯಾವ ಗುಡಿ, ಯಾವ ಮಸೀದಿಗೆ ಹೋದರೂ ಮೊದಲು ಹುಡುಕುವುದು ಒಬ್ಬ ಮನುಷ್ಯ ಅಡಗಿ ಕೂರುವಷ್ಟು ಜಾಗ ಎಲ್ಲಿದೆ ಎಂದು.