ಡಬಲ್ಸ್ ಆಡಿದವಳಿಗೆ ಒಂದೇ ಶಾಲು

ನಾನು ಬರೆದುಕೊಟ್ಟ ಸನ್ಮಾನ ಪತ್ರವನ್ನು ಇಷ್ಟು ವರ್ಷ ಯಾರೂ ವಾಪಸ್ ಕೊಟ್ಟಿರಲಿಲ್ಲ. ಹೋದ ವಾರ ಅದೂ ಆಯಿತು.

ನಿಮಗೆ ಗೊತ್ತೇ ಇದೆ, ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ ಮೇಲೆ ನನಗೆ ಈ ಅಂಕಣದ ಜೊತೆ ಇನ್ನೊಂದು ಉದ್ಯೋಗ ಅಂಟಿಕೊಂಡಿದೆ. ವಿಜಯಪುರದ ಸುತ್ತಮುತ್ತ ಯಾರಿಗೇ ಸನ್ಮಾನವಾಗಲಿ, ಶಾಲು ಹೊದಿಸಿ, ಹಾರ ಹಾಕಿ, ಕೊನೆಗೆ ಕೈಗಿಡುವ ಫ್ರೇಮಿನ ಪತ್ರವಿದೆಯಲ್ಲ, ಅದರ ಒಕ್ಕಣೆ ನನ್ನದು. (ಹಣ್ಣಿನ ಬುಟ್ಟಿಯಲ್ಲಿ ನನಗೆ ಪಾಲಿಲ್ಲ, ಅದು ಬೇರೆ ಮಾತು.) ಎಷ್ಟು ಬರೆದಿದ್ದೇನೆಂದರೆ, ಈಗ ಬರೆಯುವುದನ್ನೇ ಬಿಟ್ಟಿದ್ದೇನೆ. ಹಳೆಯದನ್ನು ಕಾಪಿ ಮಾಡಿ ಹೆಸರು ಬದಲಿಸುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ. ಸನ್ಮಾನ ಪತ್ರವನ್ನು ಯಾರು ಓದುತ್ತಾರೆ?

ಶಾಹೀನ್ ಓದಿದಳು.

ಶಾಹೀನ್ ನನ್ನ ಹಳೆಯ ವಿದ್ಯಾರ್ಥಿನಿ. ಸೊಲ್ಲಾಪುರ ರಸ್ತೆಯಲ್ಲಿ ಗಾಡಿಗಳ ಸೀಟ್ ಕವರ್ ಹೊಲಿಯುವ ಅಂಗಡಿಯವರ ಮಗಳು. ಹತ್ತು ಹನ್ನೆರಡು ವರ್ಷ ದೇಶವಿದೇಶ ತಿರುಗಿ ಟೆನಿಸ್ ಆಡಿದವಳು. ಈ ವರ್ಷ ಭುಜ ಕೈಕೊಟ್ಟಿತು, ಆಟ ನಿಲ್ಲಿಸಿ ಊರಿಗೆ ಬಂದಿದ್ದಾಳೆ. ಅವಳ ತಾಯಿಯ ತವರಾದ ಬಬಲೇಶ್ವರದ ಗೆಳೆಯರ ಬಳಗವೊಂದು ಸನ್ಮಾನ ಇಟ್ಟುಕೊಂಡಿತ್ತು. ಪತ್ರ ಎಂದಿನಂತೆ ನನ್ನ ಪಾಲಿಗೆ ಬಂತು. ಅರಕೇರಿಯ ಪೈಲ್ವಾನರೊಬ್ಬರಿಗೆ ಬರೆದದ್ದು ಕೈಗೆ ಸಿಕ್ಕಿತು. ಕುಸ್ತಿ ತೆಗೆದು ಟೆನಿಸ್ ಹಾಕಿದೆ, ಧೀರನನ್ನು ಧೀರೆ ಮಾಡಿದೆ. 'ಏಕಾಂಗಿಯಾಗಿ ಹೋರಾಡಿ ಜಯಭೇರಿ ಬಾರಿಸಿದ ಧೀರೆ' ಎಂಬ ಸಾಲು ಹಾಗೆಯೇ ಉಳಿಯಿತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಶಾಹೀನ್. ಕೈಯಲ್ಲಿ ನನ್ನ ಪತ್ರ. ಫ್ರೇಮ್ ಹಾಕಿಸುವ ಮೊದಲು ಬಳಗದವರು ಅವಳಿಗೆ ತೋರಿಸಿದ್ದರಂತೆ.

"ಮೇಡಂ, ಇದ್ರಾಗ ಏಕಾಂಗಿ ಅಂತ ಬರದೀರಿ. ನಾ ಒಂದ ಮ್ಯಾಚೂ ಏಕಾಂಗಿ ಗೆದ್ದಿಲ್ರಿ."

ಪಾಪ, ಅವಳು ಹೇಳಿದ್ದು ನಿಜ. ಶಾಹೀನ್ ಡಬಲ್ಸ್ ಆಟಗಾರ್ತಿ. ಸಿಂಗಲ್ಸ್‌ನಲ್ಲಿ ಎಲ್ಲಿಗೂ ಮುಟ್ಟಲಿಲ್ಲ, ಡಬಲ್ಸ್‌ನಲ್ಲಿ ಎತ್ತಿದ ಕಪ್ಪುಗಳಿಗೆ ಮನೆಯ ಶೋಕೇಸ್ ಸಾಲುವುದಿಲ್ಲ. ಆದರೆ ನಮ್ಮ ಜನ ಬಿಡುತ್ತಾರೆಯೇ? ಸಿಕ್ಕಸಿಕ್ಕವರೆಲ್ಲ "ಸಿಂಗಲ್ಸ್ ಯಾಕ ಆಡ್ಲಿಲ್ಲವಾ?" ಅಂತ ಕೇಳುವವರೇ. ಕೇಳುವ ಧಾಟಿ ಹೇಗಿರುತ್ತದೆಂದರೆ, ಸೈನ್ಸ್ ಸಿಗದೆ ಆರ್ಟ್ಸ್ ತಗೊಂಡೆಯಾ ಅನ್ನುವಂತೆ! (ನಾನೂ ಒಮ್ಮೆ ಕೇಳಿದ್ದೇನೆ. ಒಪ್ಪಿಕೊಳ್ಳುತ್ತೇನೆ.)

"ಹಂಗಾದ್ರ ಏನ್ ಬರೀಲಿ?" ಅಂದೆ.

"ಮಾದೇವಿ ಹೆಸರು ಬರೀರಿ. ಆಕೀನ್ನೂ ಕರಸ್ರಿ."

ಮಹಾದೇವಿಯನ್ನು ನಾನು ಮರೆತೇಬಿಟ್ಟಿದ್ದೆ. ಅವಳೂ ನನ್ನ ವಿದ್ಯಾರ್ಥಿನಿಯೇ, ಡಬಲ್ಸ್‌ನಲ್ಲಿ ಶಾಹೀನಳ ಮೊದಲ ಜೊತೆಗಾರ್ತಿ. ಜೈನಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಉದ್ದನೆಯ ಹುಡುಗಿ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿ ಬೀಸಿ ಪಳಗಿದ ತೋಳು. ಆ ತೋಳಿನ ಸರ್ವ್ ಎದುರಿಗಿದ್ದವರ ಬೆವರಿಳಿಸುತ್ತಿತ್ತು. ಚೆಂಡು ಹೇಗೋ ತಿರುಗಿ ಬಂದರೆ ನೆಟ್ಟಿನ ಹತ್ತಿರ ಶಾಹೀನ್ ಕಾಯುತ್ತಿದ್ದಳು, ಕ್ಯಾಚ್ ಹಿಡಿದಷ್ಟು ಸಲೀಸಾಗಿ ಮೂಲೆಗೆ ತಳ್ಳುತ್ತಿದ್ದಳು. ಶಾಹೀನಳ ಅಬ್ಬಾ ಉಳಿದ ರೆಗ್ಸಿನ್ ಬಟ್ಟೆಯಲ್ಲಿ ಇಬ್ಬರ ರಾಕೆಟ್ಟಿಗೂ ಒಂದೇ ಬಣ್ಣದ ಚೀಲ ಹೊಲಿದುಕೊಟ್ಟಿದ್ದರು. ಡಬಲ್ಸ್‌ನಲ್ಲಿ ನಡುವೆ ಬಿದ್ದ ಚೆಂಡು ಯಾರದು ಅನ್ನುವುದೇ ದೊಡ್ಡ ತಕರಾರು. ಕೂಗಿ ಹೇಳಿಬಿಡಬೇಕು. ಇವರಿಬ್ಬರೂ ಎಲ್ಲಿಗೇ ಹೋಗಲಿ, "ನಂದ!", "ನಿಂದ!" ಅಂತ ವಿಜಯಪುರದ ಕನ್ನಡದಲ್ಲೇ ಒದರುತ್ತಿದ್ದರಂತೆ. ಎದುರಾಳಿಗಳು ತಬ್ಬಿಬ್ಬು.

ಆಮೇಲೆ ಏನಾಯಿತು? ಮಹಾದೇವಿಯ ಮಣಿಕಟ್ಟು ಮುರಿಯಿತು. ಆರು ತಿಂಗಳು ಆಟವಿಲ್ಲ, ರ‍್ಯಾಂಕಿಂಗ್ ಜಾರಿತು. ಡಬಲ್ಸ್‌ನಲ್ಲಿ ಇಬ್ಬರ ರ‍್ಯಾಂಕಿಂಗ್ ಕೂಡಿಸಿ ನೋಡಿ ದೊಡ್ಡ ಟೂರ್ನಮೆಂಟಿಗೆ ಸೇರಿಸಿಕೊಳ್ಳುತ್ತಾರೆ. ಜೊತೆಗಾರ್ತಿ ಹಿಂದೆ ಬಿದ್ದರೆ ನೀವೂ ಹೊರಗೆ. ಅದೇ ಹೊತ್ತಿಗೆ ವಿದೇಶದ ಆಟಗಾರ್ತಿಯೊಬ್ಬಳು ಶಾಹೀನಳನ್ನು ಕರೆದಳು. ಕಟ್ಟು ಬಿಚ್ಚಿಸಿಕೊಂಡ ಮಹಾದೇವಿ ಮೊದಲ ಟೂರ್ನಮೆಂಟಿಗೆ ಹೊರಟು ಸೊಲ್ಲಾಪುರ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಳು. ಮೊಬೈಲಿಗೆ ಮೆಸೇಜ್ ಬಂತು. 'ಇನ್ನು ಮುಂದೆ ಬೇರೆಯವರ ಜೊತೆ ಆಡುತ್ತಿದ್ದೇನೆ. ಸಾರಿ.'

ಅಷ್ಟೇ. ಅವಳು ವಾಪಸ್ ಬಸ್ಸು ಹತ್ತಿದಳು. ಬೇರೆ ಜೊತೆ ಹುಡುಕಿ ಒಂದು ವರ್ಷ ಆಡಿದಳು, ಹೊಂದಲಿಲ್ಲ. ಮದುವೆಯಾಗಿ ಟಿಕೋಟಾಕ್ಕೆ ಹೋದಳು. ಈಗ ಅಲ್ಲಿ ಗಂಡನ ಜೊತೆ ಒಣದ್ರಾಕ್ಷಿಯ ಶೆಡ್ ನಡೆಸುತ್ತಾಳೆ.

ಇದನ್ನೆಲ್ಲ ಶಾಹೀನ್ ತಲೆ ತಗ್ಗಿಸಿ ಹೇಳಿದಳು. "ನಾ ಆಮ್ಯಾಲ ಎಷ್ಟ ಮಂದಿ ಜೋಡಿ ಆಡೀನಿ ಮೇಡಂ. ಗೆದ್ದೀನಿ. ಆದ್ರ ಕಪ್ ಎತ್ತುಮುಂದ ಬಾಜೂಕ ನೋಡಾಕ ಅಂಜಿಕಿ ಬರತಿತ್ತು."

ಅಲ್ಲೇ ನಾನು ತಪ್ಪು ಮಾಡಿದ್ದು. ತಕ್ಷಣ ಕೈಗೆ ಮೊಬೈಲ್ ಬಂತು. ಮಹಾದೇವಿಯ ನಂಬರ್ ಹುಡುಕಿ ಆಮಂತ್ರಣವನ್ನು ವಾಟ್ಸಾಪ್ ಮಾಡಿಯೇಬಿಟ್ಟೆ. 'ತಪ್ಪದೇ ಬರಬೇಕು', ಪಕ್ಕಕ್ಕೆ ಮುಗಿದ ಕೈಯ ಚಿತ್ರ ಎರಡು. ಓದಿದಳೆಂದು ನೀಲಿ ಗೆರೆ ಮೂಡಿತು. ಉತ್ತರವಿಲ್ಲ. ಸಂಜೆ ಫೋನ್ ಮಾಡಿದೆ.

"ಬಿಟ್ಟದ್ದೂ ಮೊಬೈಲ್‌ದಾಗ, ಕರದದ್ದೂ ಮೊಬೈಲ್‌ದಾಗ. ಇರ್ಲಿ ಬಿಡ್ರಿ ಮೇಡಂ, ಶೆಡ್ಡಿನ್ಯಾಗ ಕೆಲಸ ಐತಿ" ಅಂದಳು.

ನನ್ನ ಕೆನ್ನೆಗೆ ಯಾರೋ ಬಾರಿಸಿದಂತಾಯಿತು. ನಮ್ಮ ಕಡೆ ಮನೆ ಬಾಗಿಲಿಗೆ ಹೋಗಿ, ಹೊಸ್ತಿಲು ದಾಟಿ, ಚಹಾ ಕುಡಿದು ಕರೆಯದಿದ್ದರೆ ಅದು ಕರೆದಂತೆಯೇ ಅಲ್ಲ. ಕಾರ್ಡನ್ನು ಅಂಚೆಗೆ ಹಾಕಿದರು ಅಂತ ನಾನು ಸ್ವಂತ ಸೋದರಮಾವನ ಮಗನ ಮದುವೆಗೇ ಹೋಗಿಲ್ಲ! ಅಂಥ ನಾನು, ಮೆಸೇಜಿನಿಂದಲೇ ಗಾಯವಾದವಳಿಗೆ ಮೆಸೇಜ್ ಹಾಕಿದೆ. ವಿದ್ಯಾವಂತರು ಅನ್ನಿಸಿಕೊಂಡವರಿಗೆ ಬುದ್ಧಿ ಇರುತ್ತದೆ ಅಂತ ಯಾರು ಹೇಳಿದರು?

ಶಾಹೀನಳಿಗೆ ಫೋನ್ ಮಾಡಿ, ನಾಳೆ ಟಿಕೋಟಾಕ್ಕೆ ಹೋಗೋಣ ಅಂದೆ.

"ನಾ ಒಲ್ಲೆರಿ. ಎಲ್ಲಾರ ಮುಂದ ಬೈದ್ಲಂದ್ರ?"

"ಬೈಸ್ಕೊ. ಅಷ್ಟ ದೇಶ ತಿರಗಿ ಬಂದಾಕಿ, ಟಿಕೋಟಾಕ್ಕ ಹೋಗಾಕ ಅಂಜತೀಯೇನ?"

ಹೋದೆವು. ಶೆಡ್ಡಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕುಳಿತು ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದರು. ಸಿಹಿ ವಾಸನೆಗೆ ನೊಣಗಳ ಗುಂಯ್ ಗುಂಯ್. ಮಹಾದೇವಿ ತಕ್ಕಡಿಯ ಹತ್ತಿರ ನಿಂತಿದ್ದಳು. ನಮ್ಮನ್ನು ನೋಡಿ, "ಕುಂದರ್ರಿ ಮೇಡಂ" ಅಂದಳು. ನನಗೆ ಮಾತ್ರ. ಇದ್ದದ್ದೂ ಒಂದೇ ಕುರ್ಚಿ.

ಶಾಹೀನ್ ನಿಂತೇ ಹೇಳಿದಳು. "ಮಾದೇವಿ, ರವಿವಾರ ಬಬಲೇಶ್ವರದಾಗ ಕಾರ್ಯಕ್ರಮ ಐತಿ. ನೀ ಬರಬೇಕು. ಕರ್ಯಾಕ ಬಂದೀನಿ."

"ಗೊತ್ತೈತಿ. ಮೊಬೈಲ್‌ದಾಗ ಬಂದಿತ್ತು."

"ಅದು ಮೇಡಂ ಹಾಕಿದ್ದು." (ನನ್ನನ್ನು ಬೆರಳು ಮಾಡಿ ತೋರಿಸಿಯೇಬಿಟ್ಟಳು!) ಆಮೇಲೆ ದನಿ ಸಣ್ಣದಾಯಿತು. "ಅವತ್ತ ಹಾಕಿದ್ದು ನಂದ. ತಪ್ಪಾತು."

ಕಡ್ಡಿ ಬಿಡಿಸುವ ಕೈಗಳೆಲ್ಲ ನಿಂತವು. ಮಹಾದೇವಿ ತಕ್ಕಡಿಯಲ್ಲಿದ್ದ ದ್ರಾಕ್ಷಿಯನ್ನು ನಿಧಾನವಾಗಿ ಬುಟ್ಟಿಗೆ ಸುರಿದಳು.

"ಒಂದ ಮಾತ ಕೇಳ್ತೀನಿ. ಅವತ್ತ ನೀ ಎದುರಿಗೆ ಬಂದು ಹೇಳಿದ್ರ ನಾ ಏನ್ ಅಂತಿದ್ದೆ, ಗೊತ್ತೈತೇನ ನಿನಗ?"

ಶಾಹೀನ್ ಇಲ್ಲವೆಂದು ತಲೆಯಾಡಿಸಿದಳು.

"ಹೋಗು ಅಂತಿದ್ದೆ ಬೇ. ನನ್ನ ಕೈ ಹೋಗೈತಿ, ನಿನ್ನ ಆಟ ಯಾಕ ಕೆಡಬೇಕು, ಹೋಗು ಅಂತಿದ್ದೆ. ಅದನ್ನ ಅನ್ನಾಕ ನೀ ನನಗ ಬಿಡಲಿಲ್ಲ. ಬಾಲಿಗೊಮ್ಮೆ ನಂದ, ನಿಂದ ಅಂತ ಒದರಾಕಿ, ಅವತ್ತ ಬಾಯಿ ಬಿಡಲಿಲ್ಲ ನೀ."

"ನೀ ಅಳತಿ ಅಂತ ಅಂಜಿದ್ದೆ."

"ಅಳತಿದ್ದೆ. ಅತ್ತು, ಆಮ್ಯಾಲ ಹೋಗು ಅಂತಿದ್ದೆ."

ಆಗ ಅತ್ತವಳು ಶಾಹೀನ್. ನಾನೂ ಅತ್ತೆ, ಮುಚ್ಚಿಡುವುದೇನು? ಮಹಾದೇವಿ ಮಾತ್ರ ಅಳಲಿಲ್ಲ. ಒಂದು ಬೊಗಸೆ ಒಣದ್ರಾಕ್ಷಿ ತಂದು ಮೊದಲು ನನ್ನ ಕೈಗೆ, ಆಮೇಲೆ ಶಾಹೀನಳ ಕೈಗೆ ಹಾಕಿದಳು. "ತಿನ್ರಿ. ಚಹಾ ಹೇಳ್ತೀನಿ" ಅಂದಳು. ಬರುತ್ತೇನೆ ಅನ್ನಲಿಲ್ಲ. ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ವಾಪಸ್ ಬರುವಾಗ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಶಾಹೀನ್ ಜೊತೆ ಬದಲಿಸಿದ್ದು ತಪ್ಪೇ? ಅಲ್ಲ. ಆ ಆಟ ಇರುವುದೇ ಹಾಗೆ. ಆಡಬೇಕಾದ ವಯಸ್ಸು ಎಷ್ಟು ವರ್ಷದ್ದು? ಆದರೆ ಕೆಟ್ಟ ಸುದ್ದಿಯನ್ನು ಎದುರಿಗೆ ನಿಂತು ಹೇಳಲು ನಾವು ಅಂಜುತ್ತೇವಲ್ಲ, ಆ ಅಂಜಿಕೆಗೆ ದಯೆ ಅಂತ ಹೆಸರಿಡುತ್ತೇವೆ. ಅವರಿಗೆ ನೋವಾಗುತ್ತದೆ ಅಂತ ಸುಮ್ಮನಾದೆ ಅನ್ನುತ್ತೇವೆ. ಯಾರ ನೋವು ತಪ್ಪಿಸಿದೆವು? ಅವರದೋ, ನಮ್ಮದೋ?

ರವಿವಾರ ಬಂತು. ಬಬಲೇಶ್ವರದ ಸಭಾಭವನದ ತುಂಬ ಜನ. ನಾನು ಹೊಸದಾಗಿ, ಮೊದಲಿನಿಂದ ಬರೆದು, ನಾನೇ ಫ್ರೇಮ್ ಹಾಕಿಸಿ ತಂದ ಪತ್ರದಲ್ಲಿ ಇಬ್ಬರ ಹೆಸರಿತ್ತು. ವೇದಿಕೆಯ ಮೇಲೆ ಶಾಹೀನ್ ತನ್ನ ಪಕ್ಕ ಹಾಕಿಸಿಕೊಂಡ ಕುರ್ಚಿ ಖಾಲಿ. ಸ್ವಾಗತ ಮುಗಿಯಿತು. ಭಾಷಣ ಒಂದಾಯಿತು, ಎರಡಾಯಿತು. ಶಾಹೀನಳ ಕಣ್ಣು ಬಾಗಿಲು ಬಿಟ್ಟು ಕದಲಲಿಲ್ಲ. ನನ್ನ ಕಣ್ಣೂ.

ಮೂರನೆಯ ಭಾಷಣದ ನಡುವೆ ಮಹಾದೇವಿ ಬಂದಳು. ಇಳಕಲ್ ಸೀರೆ, ಹಿಂದೆ ಗಂಡ. ಹೆಂಗಸರ ಸಾಲಿನ ತುದಿಯಲ್ಲಿ ಕೂರಲು ಹೊರಟವಳನ್ನು ಶಾಹೀನ್ ತಾನೇ ಇಳಿದುಬಂದು ಕರೆದೊಯ್ದಳು.

ಈಗ ಸಂಘಟಕರಿಗೆ ಪೇಚು. ಫ್ರೇಮಿನಲ್ಲಿ ಹೆಸರೇನೋ ಎರಡಿವೆ, ತಂದ ಶಾಲು ಒಂದೇ! "ಮೇಡಂ, ಮೊದಲ ಹೇಳಬಾರದಾ?" ಅಂತ ಕಾರ್ಯದರ್ಶಿ ನನ್ನ ಕಿವಿಯಲ್ಲಿ ಗೊಣಗಿದರು. ಕೊನೆಗೆ ಮುಖ್ಯ ಅತಿಥಿಗಳಿಗೆಂದು ಮಡಿಸಿಟ್ಟಿದ್ದ ಶಾಲನ್ನು ತಂದು ಮಹಾದೇವಿಗೆ ಹೊದಿಸಿದರು. (ಮುಖ್ಯ ಅತಿಥಿಗಳು ನಕ್ಕರು. ಅವರ ಮನೆಯಲ್ಲಿ ಇಡಲು ಜಾಗವಿಲ್ಲದಷ್ಟು ಶಾಲುಗಳಿವೆ.) ಜನ ಚಪ್ಪಾಳೆ ತಟ್ಟಿದರು. ಮೈಕ್ ಕೊಟ್ಟಾಗ ಶಾಹೀನ್ ಸ್ಟೇಷನ್ನಿನ ಆ ಮೆಸೇಜಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದಳು. ಆಗ ಮಾತ್ರ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಊಟದ ಪಂಕ್ತಿಯಲ್ಲಿ ಮಹಾದೇವಿಯ ಆ ಪಕ್ಕ ಶಾಹೀನ್, ಈ ಪಕ್ಕ ನಾನು. ಮನಸ್ಸು ತುಂಬಿಬಂದಿತ್ತು. ನಮ್ಮಂಥ ಬರೆಯುವವರಿಗೆ ಇದೊಂದು ಚಟ, ಎಲ್ಲವೂ ಸುಖಾಂತವಾಗಬೇಕು.

"ಅಂತೂ ಆಕೀನ್ನ ಕ್ಷಮಿಸಿಬಿಟ್ಟಿ. ಈ ವಾರ ಇದನ್ನ ಬರೀತೀನಿ ನೋಡು" ಅಂದೆ.

ಮಹಾದೇವಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಬರೀರಿ. ಆದ್ರ ಕ್ಷಮಿಸ್ಯಾಳ ಅಂತ ಬರೀಬ್ಯಾಡ್ರಿ ಮೇಡಂ. ಇನ್ನೂ ಆಗಿಲ್ಲ ನನ್ನ ಕಡೆ. ಮುಂದ ಆದೀತು, ಇಲ್ಲಾ ಆಗಲಿಕ್ಕಿಲ್ಲ. ಬರಬೇಕು ಅನಸ್ತು, ಬಂದೀನಿ."

ಅಂದು, ಶಾಹೀನಳ ಎಲೆಗೆ ಪಲ್ಯ ಬಡಿಸಿಲ್ಲ ಅಂತ ಬಡಿಸುವವರನ್ನು ಕೂಗಿ ಕರೆದಳು.

ಕ್ಷಮಿಸಿದ ಮೇಲೆಯೇ ಪಕ್ಕದಲ್ಲಿ ಕೂರಬೇಕು ಅಂತ ನಮಗೆಲ್ಲ ಯಾರು ಹೇಳಿಕೊಟ್ಟರು?