ನೀರು ತಿರುಗುವವರೆಗೆ

ಕೊರಿಯಾದ ಟೊಂಗ್ಯೊಂಗ್ ಬಂದರಿನ ಎದುರಿನ ಕಂಪ್ಯೂಟರ್ ಆಟದ ಅಂಗಡಿಯಲ್ಲಿ, ಮಧ್ಯಾಹ್ನದ ತೂಕಡಿಕೆಯ ಹೊತ್ತಿಗೆ, ಮುದುಕ ಪಿಲ್ದು ಮತ್ತು ಅವನ ಹೆಂಡತಿ ಬುನ್ರೆ ಅಕ್ಕಪಕ್ಕ ಕೂತು ಯುದ್ಧ ಮಾಡುತ್ತಿದ್ದರು. ನಾಲ್ಕು ಶತಮಾನದ ಹಿಂದಿನ ಕಡಲ ಕಾಳಗ. ಕೊರಿಯಾದ ಆಮೆ ಹಡಗುಗಳು ಪಿಲ್ದುವಿನವು, ಜಪಾನಿನ ದಂಡು ಬುನ್ರೆಯದು. ಸತ್ತರೂ ಆ ಪಕ್ಷ ಹಿಡಿಯುವವನಲ್ಲ ಅವನು. ಹಾಗಾಗಿ ವರ್ಷದಿಂದ ಅವಳೇ ಶತ್ರು.

ಇವತ್ತಿನ ಪಣ ಮಾತ್ರ ಆಟದ್ದಲ್ಲ. ನಡೆಯಲು ಕಲಿಯುವ ಮೊದಲೇ ದೋಣಿ ಹತ್ತಿದ ಪಿಲ್ದು, ಹೋದ ತಿಂಗಳು ಹಾಡಹಗಲಲ್ಲಿ ಯಾರದೋ ಸಿಂಪಿ ಸಾಕಣೆಯ ತೇಲುಬುರುಡೆಗಳ ಸಾಲಿಗೆ ದೋಣಿ ನುಗ್ಗಿಸಿದ್ದ. ಕಣ್ಣು ಮಂಜಾಗಿದೆ, ದೋಣಿ ಮಾರೋಣ ಎಂದು ಬುನ್ರೆಯ ಹಟ. ಮಂಜು ಕಣ್ಣಲ್ಲಲ್ಲ, ಕಡಲಲ್ಲಿತ್ತು ಎಂದು ಅವನ ವಾದ. ಗೆದ್ದರೆ ದೋಣಿಯ ಕೀಲಿ ಅವನ ಜೇಬಿನಲ್ಲೇ ಉಳಿಯುತ್ತದೆ, ಸೋತರೆ ಅವಳ ಕೈ ಸೇರುತ್ತದೆ.

ಪಿಲ್ದು ತನ್ನ ಹಡಗುಗಳನ್ನು ಇಕ್ಕಟ್ಟಾದ ಜಲಸಂಧಿಯ ಬಾಯಿಗೆ ಅಡ್ಡ ನಿಲ್ಲಿಸಿ ಕೈಕಟ್ಟಿ ಕೂತ. ಬುನ್ರೆಯೂ ಇನ್ನೊಂದು ತುದಿಯಲ್ಲಿ ನಿಲ್ಲಿಸಿ ನೂಡಲ್ಸ್ ಬಟ್ಟಲು ಎತ್ತಿಕೊಂಡಳು. ಪರದೆಯ ಸಮುದ್ರ ನೀಲಿಯಾಗಿ ಮಲಗಿತ್ತು. ಬಾವುಟಗಳು ತೂಗುತ್ತಿದ್ದವು, ಮುದುಕರ ರೆಪ್ಪೆಗಳೂ.

ಅಂಗಡಿ ನೋಡಿಕೊಳ್ಳುವ ಸೊರಿ ಬಂದು ಇಣುಕಿದಳು. "ಯಾಕಜ್ಜ, ಇಬ್ರೂ ಸುಮ್ನೆ ಕೂತ್ಬಿಟ್ರಿ?"

"ನೀರು ಇನ್ನೂ ತಿರುಗಿಲ್ಲಮ್ಮ."

"ಈ ಸೆಳೆತದಲ್ಲಿ ಹಡಗು ಬಿಟ್ರೆ ಚುಕ್ಕಾಣಿ ಮಾತು ಕೇಳುತ್ತಾ?" ಎಂದಳು ಬುನ್ರೆ.

"ಅಜ್ಜಿ, ಈ ಆಟದಲ್ಲಿ ಉಬ್ಬರ ಇಳಿತ ಇಟ್ಟೇ ಇಲ್ಲ."

ಇಬ್ಬರೂ ಅವಳನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದರು. ಉಬ್ಬರವಿಳಿತವಿಲ್ಲದ ಕಡಲನ್ನು ಅವರು ಕನಸಿನಲ್ಲೂ ಕಂಡವರಲ್ಲ.

ಪಿಲ್ದು ಕಿಟಕಿಯತ್ತ ಮುಖ ಮಾಡಿದ. ಕಲ್ಲೆಸೆದರೆ ತಾಗುವಷ್ಟು ಹತ್ತಿರದಲ್ಲಿ ಲಂಗರು ಹಾಕಿದ ದೋಣಿಗಳು, ತಿರುಗಿದ ನೀರಿನ ಜೊತೆ, ನಿದ್ದೆಯಲ್ಲಿ ಮಗ್ಗುಲಾದಂತೆ ಹೊರಳಿ, ಕಡಲಿನತ್ತ ಮೂತಿ ಮಾಡಿ ಬಹಳ ಹೊತ್ತಾಗಿತ್ತು.

"ಲೇ, ದೋಣಿಗಳು ಮೂತಿ ತಿರುಗಿಸಿದ್ವಾ ನೋಡು," ಎಂದ.

ಬುನ್ರೆಯ ಕೈ ಬಟ್ಟಲಲ್ಲೇ ನಿಂತಿತು. ಹೊರಗೆ ಬಿಸಿಲು ಬೆಳ್ಳಗೆ ಬಿದ್ದಿತ್ತು, ಮಂಜಿನ ಸುಳಿವಿರಲಿಲ್ಲ. ತಾನು ಕೇಳಿದ್ದೇನು ಎನ್ನುವುದು ಅವನಿಗೂ ಆಗಲೇ ಹೊಳೆಯಿತು.

"ತಿರುಗಿದಾವೆ ರೀ," ಎಂದಳು ಮೆಲ್ಲಗೆ. "ನಡೆಸಿ ನಿಮ್ಮ ಹಡಗು."

ಅವನು ನಡೆಸಲಿಲ್ಲ. ಜೇಬಿನಿಂದ ಕೀಲಿ ತೆಗೆದು ಅವಳ ಬಟ್ಟಲಿನ ಪಕ್ಕ ಇಟ್ಟ. "ಮಾರಿಬಿಡು," ಎಂದ.

ಬುನ್ರೆ ಕೀಲಿಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡಳು. "ಮಾರೋದ್ಯಾಕೆ? ನಾಳೆಯಿಂದ ಚುಕ್ಕಾಣಿ ನಾನು ಹಿಡೀತೀನಿ. ನೀವು ಪಕ್ಕದಲ್ಲಿ ಕೂತು ಸೆಳೆತ ಎಲ್ಲೆಲ್ಲಿದೆ ಅಂತ ಹೇಳ್ತಾ ಇರಿ."

"ನಿಂಗೆಲ್ಲಿ ಬರುತ್ತೆ ಚುಕ್ಕಾಣಿ ಹಿಡಿಯೋಕೆ?"

"ಮತ್ತೆ ವರ್ಷದಿಂದ ನಿಮ್ಮ ಹಡಗು ಮುಳುಗಿಸ್ತಾ ಇರೋದು ಯಾರು?"