ಕೌದಿಯ ಹೊಟ್ಟೆಯಲ್ಲಿ ಏನಿತ್ತು

ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ಎರಡು ವರ್ಷದ ಹಿಂದೆ ಬೇರೆ ಯಾರಾದರೂ ಹೀಗೆ ಬರೆದಿದ್ದರೆ ನಾನೂ ನಗುತ್ತಿದ್ದೆ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವಳು ನಾನು. ಮೈಮೇಲೆ ದೇವರು ಬಂತು ಎನ್ನುವವರಿಗೆ, ಮೊದಲು ಬಿಪಿ ನೋಡಿಸಿಕೊಳ್ಳಿ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಒಂದಿಬ್ಬರು ನೆಂಟರನ್ನು ಕಳೆದುಕೊಂಡಿದ್ದೇನೆ. ಅದಕ್ಕೆ ಪಶ್ಚಾತ್ತಾಪವೂ ಇಲ್ಲ. ಆದರೆ ಕೇಶ್ವಾಪುರದ ನಮ್ಮ ಮನೆಯಲ್ಲಿ, ಹಾಡಹಗಲು, ಊಟ ಮುಗಿದ ಹೊತ್ತಿನಲ್ಲಿ ನಡೆದ ಈ ಒಂದು ಸಂಗತಿ ನನಗೆ ಇನ್ನೂ ಬಗೆಹರಿದಿಲ್ಲ.

ನಾನೊಂದು ಬ್ಲಾಗ್ ನಡೆಸುತ್ತೇನೆ. ಬೀಸುವ ಕಲ್ಲು, ಶ್ಯಾವಿಗೆ ಮಣೆ, ಹಪ್ಪಳದ ಹಿಟ್ಟು, ಹೀಗೆ ಮನೆಯ ಹಳೆಯ ಕೆಲಸಗಳ ಬಗ್ಗೆ ಬರೆಯುತ್ತೇನೆ. ಓದುವವರು ಕಡಿಮೆ, ತಪ್ಪು ಹುಡುಕುವವರು ಜಾಸ್ತಿ. ಆಗ ಧಾರವಾಡದಲ್ಲಿ ಕಾನೂನು ಓದುತ್ತಿದ್ದ ಮಗಳು ಪಲ್ಲವಿ ಒಂದು ಭಾನುವಾರ ಮನೆಗೆ ಬಂದವಳು, ಲೇಖನ ಬರೆದುಕೊಡುವ ಎಐ ಒಂದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು.

"ಅವ್ವ, ನೀ ಒಂದ್ ಲೇಖನಕ್ಕ ನಾಕ್ ದಿನ ತಿಣಕತಿ. ಇದು ನಾಕ್ ನಿಮಿಷದಾಗ ಬರದ್ ಕೊಡತೈತಿ" ಎಂದಳು.

ತಿಣುಕುವುದು ಎಂಬ ಮಾತು ನನಗೆ ಚುಚ್ಚಿತು. ನೋಡೇ ಬಿಡೋಣ ಎಂದು, ಅದನ್ನು ಸೋಲಿಸಲೆಂದೇ ಕೂತೆ.

ಕೌದಿಯ ಬಗ್ಗೆ ಬರೆಯಲು ಹೇಳಿದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿಯುವ ಹೊದಿಕೆ ಅದು. ಹೊಲಿದು ಮುಗಿಸುವಾಗ ನಡುವೆ ಅಂಗೈಯಗಲ ಜಾಗ ಬಿಟ್ಟು, ಒಳಗೊಂದು ಚೂರು ಹೋಳಿಗೆ ಇಟ್ಟು, ಮೇಲೆ ತೇಪೆ ಹಾಕಿ ಮುಚ್ಚುತ್ತಾರೆ. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರಿಗೆ ಒಳ್ಳೆಯದಾಗುವುದಿಲ್ಲ ಎಂಬ ನಂಬಿಕೆ ನಮ್ಮ ಮನೆಯಲ್ಲಿ ಇತ್ತು. ಈ ಪದ್ಧತಿಯನ್ನು ಯಂತ್ರಕ್ಕೆ ಬೇಕೆಂದೇ ಹೇಳಲಿಲ್ಲ.

ಲೇಖನ ಬಂತು. ಉಪ್ಪಿಲ್ಲದ ಸಾರು. 'ಸಂಸ್ಕೃತಿಯ ಪ್ರತೀಕ' ಎಂಬ ಮಾತು ಎರಡು ಸಲ ಇತ್ತು. ಹೊಟ್ಟೆ ತುಂಬಿಸುವ ಸಂಗತಿಯೂ ಇತ್ತು, ಅಲ್ಲಿ ಮಾತ್ರ ನನಗೆ ಕೊಂಚ ಮುಖಭಂಗವಾಯಿತು. ಅದರ ಮುಂದಿನ ವಾಕ್ಯ ಹೀಗಿತ್ತು: 'ಕೆಲವರು ಹೋಳಿಗೆಯ ಬದಲು, ಹೆಣ್ಣುಮಗು ಓದಿ ಮುಂದೆ ಬರಲಿ ಎಂದು, ಸ್ಲೇಟು ಒರೆಸುವ ಬಟ್ಟೆಯ ತುಂಡನ್ನು ಇಡುತ್ತಾರೆ.'

ಅಂಥ ಪದ್ಧತಿ ನಾನು ಎಲ್ಲೂ ಕೇಳಿಲ್ಲ. ಸಿಕ್ಕಿಬಿತ್ತು ಎಂದು ಖುಷಿಯಾಯಿತು. ಎಂಬತ್ತು ದಾಟಿದ ನಮ್ಮ ಅತ್ತೆ ಎದುರಿಗೆ ಕಾಲು ಚಾಚಿ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದರು. "ಅತ್ತಿ, ಇದರ ಬುರುಡಿ ಕೇಳ್ರಿ" ಎಂದು ಆ ಸಾಲನ್ನು ಜೋರಾಗಿ ಓದಿದೆ.

ಅತ್ತೆಯ ಸೂಜಿ ನಿಂತಿತು.

"ನಿನಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ. ಇದ ಬರದೈತಿ."

"ಅದಕ್ಕ ಯಾರ ಹೇಳಿದ್ರು?"

ಆಮೇಲೆ ನಿಧಾನವಾಗಿ ಹೇಳಿದರು. ಶಿರಗುಪ್ಪಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದಾಗ ತಮ್ಮಂದಿರನ್ನು ಆಡಿಸಲೆಂದು ಮನೆಯವರು ಅತ್ತೆಯನ್ನು ಶಾಲೆ ಬಿಡಿಸಿದ್ದರು. ಪಾಟಿ, ಅಂದರೆ ಸ್ಲೇಟು, ತಮ್ಮನ ಪಾಲಾಯಿತು. ಅದಕ್ಕೆ ದಾರದಿಂದ ಕಟ್ಟಿದ್ದ ಒರೆಸುವ ಅರಿವೆಯನ್ನು ಇವರು ಬಿಚ್ಚಿಟ್ಟುಕೊಂಡರು. ಮದುವೆಯಾಗಿ ಬಂದಾಗಲೂ ಅದು ಟ್ರಂಕಿನ ತಳದಲ್ಲಿತ್ತು. ಪಲ್ಲವಿ ಹುಟ್ಟಿದಾಗ ಅವಳಿಗೆಂದು ಹೊಲಿದ ಕೌದಿಯ ಹೊಟ್ಟೆಗೆ ಅದನ್ನೇ ಇಟ್ಟರು. ಪದ್ಧತಿಯಂತೆ ಕರೆದಿದ್ದ ಐವರು ಮುತ್ತೈದೆಯರು ಉಂಡು ಹರಸಿ ಹೋದರು, ಒಳಗೆ ಹೋಳಿಗೆ ಇದೆ ಎಂದೇ ಎಲ್ಲರೂ ತಿಳಿದಿದ್ದರು. ಕೌದಿಯ ಪಾಲಿನ ಆ ಹೋಳಿಗೆ ಚೂರನ್ನು ಅತ್ತೆ ತಾವೇ ತಿಂದಿದ್ದರಂತೆ.

"ಕೂಸಿನ ಕೌದಿ ಹಸದ ಇಟ್ಟಾಳ ಅಂತ ಬೈತಾರಂತ ಯಾರಿಗೂ ಹೇಳಲಿಲ್ಲ. ನಿಮ್ಮ ಮಾವಗೂ ಹೇಳಿಲ್ಲ" ಎಂದರು.

ಯಂತ್ರವನ್ನೇ ಕೇಳಿದೆ, ಈ ಮಾತು ಎಲ್ಲಿಂದ ತಂದೆ ಎಂದು. ಕ್ಷಮಿಸಿ, ಇದಕ್ಕೆ ಆಧಾರ ಇಲ್ಲ, ತಪ್ಪಾಗಿರಬಹುದು ಎಂದಿತು. ಆ ಸಾಲು ತೆಗೆದು ಹೋಳಿಗೆಯನ್ನಷ್ಟೇ ಉಳಿಸಿತು. ಕೌದಿಯ ಬಗ್ಗೆ ಹೊಸದಾಗಿ ಎಷ್ಟು ಸಲ ಬರೆಸಿದರೂ ಸ್ಲೇಟಿನ ಬಟ್ಟೆ ಮತ್ತೆ ಬರಲಿಲ್ಲ.

ಪಲ್ಲವಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಇವು ಬಾಯಿಗೆ ಬಂದದ್ದು ಬರೆಯುತ್ತವೆ, ಒಂದು ಹೇಗೋ ತಾಳೆಯಾಗಿದೆ ಎಂದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಇಲ್ಲಾಂದ್ರ ಅಜ್ಜಿ ನೀ ಓದಿದ್ದನ್ನ ಕೇಳಿ, ತನ್ನದ ನೆನಪು ಅಂತ ತಿಳಕೊಂಡಾಳ. ವಯಸ್ಸಾಗೈತಿ ಅವ್ವ. ನಾಕ್ ಹೊಲಿಗಿ ಬಿಚ್ಚಿದ್ರ ಖರೇ ಏನಂತ ಗೊತ್ತಾಗತೈತಿ" ಎಂದು ತನ್ನ ಕೌದಿಯನ್ನೂ ಕತ್ತರಿಯನ್ನೂ ತಂದು ನನ್ನ ಮುಂದೆ ಇಟ್ಟಳು.

ಅತ್ತೆಗೆ ಕಿವಿ ಚುರುಕು. ಸೂಜಿಗೆ ದಾರ ಪೋಣಿಸತೊಡಗಿದರು. ದಾರ ಸೂಜಿಯ ಕಣ್ಣಿಗೆ ಹೋಗುತ್ತಲೇ ಇರಲಿಲ್ಲ.

ಕಣ್ಣಿಂದ ನೋಡದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳಿಕೊಂಡೇ ಬಂದವಳು ನಾನು. ಕತ್ತರಿ ಕೈಗೆ ತೆಗೆದುಕೊಂಡೆ ಕೂಡ. ಆದರೆ ಅಲ್ಲಿ ಪರೀಕ್ಷೆಗೆ ನಿಂತದ್ದು ಯಂತ್ರವಲ್ಲ, ನಮ್ಮ ಅತ್ತೆ. ಒಳಗೆ ಏನೂ ಇಲ್ಲದಿದ್ದರೆ ಯಂತ್ರಕ್ಕೆ ಯಾವ ನಷ್ಟವೂ ಇಲ್ಲ, ಇನ್ನೊಂದು ಸಲ ಕ್ಷಮಿಸಿ ಎನ್ನುತ್ತದೆ. ಅತ್ತೆ ಮಾತ್ರ ಈ ವಯಸ್ಸಿನಲ್ಲಿ, ಸೊಸೆ ಮೊಮ್ಮಗಳ ಮುಂದೆ, ಸುಳ್ಳುಗಾರ್ತಿಯಾಗುತ್ತಾರೆ. ನನಗೆ ಸಿಟ್ಟು ಬಂತು. ಕತ್ತರಿಯನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದೆ. ಇದು ವಿಜ್ಞಾನವಲ್ಲ ಎನ್ನುವವರು ಅನ್ನಲಿ, ನಾನು ಬಿಚ್ಚುವುದಿಲ್ಲ, ಬಿಚ್ಚಗೊಡುವುದೂ ಇಲ್ಲ.

ಅತ್ತೆಯ ಕೈಯಿಂದ ಸೂಜಿ ತೆಗೆದುಕೊಂಡು ದಾರ ಪೋಣಿಸಿ ಕೊಟ್ಟೆ. ಇದನ್ನೆಲ್ಲ ಬ್ಲಾಗಿನಲ್ಲಿ ಬರೆಯಲೇ ಎಂದು ಕೇಳಿದೆ.

"ಬರಿ. ಆದರ ಅದು ಬರದಂಗ 'ಕೆಲವರು' ಅಂತ ಅನಬ್ಯಾಡ" ಎಂದರು ಅತ್ತೆ. "ಎಲ್ಲಿ ಅದಾರ ಕೆಲವರು? ನಾ ಒಬ್ಬಾಕಿನ ಇಟ್ಟಿದ್ದು. ನನ್ನ ಹೆಸರ ಹಾಕು."

ಬರೆದೆ. ನಾಲ್ಕು ದಿನ ತಿಣುಕಿ, ನಾನೇ ಬರೆದೆ. ಆ ಸಾಲು ಯಂತ್ರಕ್ಕೆ ಎಲ್ಲಿಂದ ಬಂತು ಎಂದು ಬಲ್ಲವರನ್ನೆಲ್ಲ ಕೇಳಿದ್ದೇನೆ. ಎಲ್ಲರ ಹತ್ತಿರವೂ ಉತ್ತರ ಇದೆ, ಯಾವುದೂ ನನ್ನ ಮನಸ್ಸಿಗೆ ಒಪ್ಪಿಲ್ಲ. ಕೌದಿ ಇವತ್ತಿಗೂ ಪಲ್ಲವಿಯ ಹಾಸಿಗೆಯ ಮೇಲಿದೆ, ಒಂದು ಹೊಲಿಗೆಯೂ ಬಿಚ್ಚಿಲ್ಲ. ಅದನ್ನು ಹೊಲಿದವರ ಹೆಸರು ನೀಲವ್ವ. ಶಿರಗುಪ್ಪಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದ್ದಾರೆ.